ಸವೆಯದ ಚಕ್ರದ ಊರಿಗೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ರೈಲು ನಿಲ್ದಾಣಕ್ಕೂ ಬಸ್ ನಿಲ್ದಾಣಕ್ಕೂ ನಡುವಿನ ಓಣಿಯಲ್ಲಿ ಒಂದೇ ಒಂದು ಅಂಗಡಿಯ ಶಟರ್ ಮೇಲೆ ಸರಿದಿದೆ. ಒಳಗೆ ಮೋಟು ಸ್ಟೂಲಿನ ಮೇಲೆ ಕೂತ ಹೆಂಗಸೊಬ್ಬರು ದೊಡ್ಡದೊಂದು ಸೂಟ್‌ಕೇಸನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು, ಅದರ ಚಕ್ರವನ್ನು ಬೆರಳಿನಿಂದ ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದಾರೆ. ಎದುರಿಗೆ ನಿಂತವನಿಗೆ ಮೊದಲ ರೈಲು ಹಿಡಿಯುವ ಅವಸರ. ಕಾಲು ಸುಟ್ಟ ಬೆಕ್ಕಿನ ಹಾಗೆ ಬಾಗಿಲಲ್ಲೇ ಅತ್ತಿಂದಿತ್ತ ಓಡಾಡುತ್ತಿದ್ದಾನೆ.

“ಇದು ಮುರಿದಿಲ್ಲ ಕಣಪ್ಪಾ. ಕೂದಲು ತಿಂದಿದೆ, ಅಷ್ಟೇ.”

ಕೊಕ್ಕೆಯಂಥ ಸೂಜಿಯನ್ನು ಚಕ್ರದ ಪಕ್ಕಕ್ಕೆ ತೂರಿಸಿ ಎಳೆದರೆ ಕೂದಲು, ನೂಲು, ಕಸ ಎಲ್ಲ ಸುತ್ತಿಕೊಂಡ ಒಂದು ಉಂಡೆ ಹೊರಗೆ ಬರುತ್ತದೆ. ಅದನ್ನು ಎಸೆಯುವ ಮೊದಲು ಅಂಗೈಯಲ್ಲಿಟ್ಟು ಅವನಿಗೆ ತೋರಿಸುತ್ತಾರೆ. ಇಲ್ಲಿನ ಪದ್ಧತಿಯೇ ಹಾಗೆ. ಕೆಟ್ಟದ್ದನ್ನು ಮೊದಲು ಗಿರಾಕಿಗೆ ತೋರಿಸಬೇಕು, ಮಾತು ಆಮೇಲೆ. ಒಂದು ಹನಿ ಎಣ್ಣೆ ಬಿದ್ದ ಮೇಲೆ ಚಕ್ರ ಸದ್ದಿಲ್ಲದೆ ತಿರುಗುತ್ತದೆ. ಎಷ್ಟು ಕೊಡಬೇಕು ಅಂತ ಅವನು ಜೇಬಿಗೆ ಕೈ ಹಾಕಿದರೆ ಇವರು ತಲೆ ಅಲ್ಲಾಡಿಸುತ್ತಾರೆ.

“ಕೂದಲು ಕಿತ್ತಿದ್ದಕ್ಕೆಲ್ಲ ದುಡ್ಡು ತಗೊಂಡ್ರೆ ನಗ್ತಾರೆ. ಒಂದು ಪ್ರಶ್ನೆ ಕೇಳ್ತೀನಿ, ಉತ್ತರ ಹೇಳಿ ಹೋಗು. ಮೊನ್ನೆ ಸಮುದ್ರದ ಊರಿಗೆ ಹೋಗಿದ್ದೆಯಲ್ಲಾ, ಅಲ್ಲಿ ನಲ್ಲಿ ನೀರು ಹಾಗೇ ಕುಡೀಬಹುದಾ?”

“ನಾನು ಹೋಗಿದ್ದು ನಿಮಗೆ ಹೇಗೆ ಗೊತ್ತು?”

“ಚಕ್ರದ ಒಳಗೆ ಬಿಳೀ ಮರಳಿದೆ. ಹೇಳು ಬೇಗ, ರೈಲು ಹೋಗುತ್ತೆ!”

“ಕುಡೀಬಹುದು ಅಕ್ಕಾ,” ಎನ್ನುತ್ತಲೇ ಅವನು ಓಟ ಕೀಳುತ್ತಾನೆ. ಚಕ್ರಗಳು ಅವನ ಹಿಂದೆ ಸದ್ದೇ ಮಾಡದೆ ಓಡುತ್ತವೆ. ಈಕೆ ಅದನ್ನು ಕಣ್ಮರೆಯಾಗುವವರೆಗೂ ನೋಡುತ್ತಾರೆ.

ಓಣಿಯವರ ಬಾಯಲ್ಲಿ ಇವರು ಚಕ್ರದಕ್ಕ. ಅಂಗಡಿಗೆ ಹೆಸರಿನ ಹಲಗೆ ಇಲ್ಲ. ಹಳೆಯ ಚಕ್ರಗಳನ್ನು ತಂತಿಯಲ್ಲಿ ಪೋಣಿಸಿ ಬಾಗಿಲ ಮೇಲೆ ತೂಗುಬಿಟ್ಟಿದ್ದಾರೆ, ಅದೇ ಹಲಗೆ. ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಅಗಲದ ಜಾಗದಲ್ಲಿ ನೆಲದಿಂದ ಸೂರಿನವರೆಗೆ ಪೆಟ್ಟಿಗೆಯೋ ಪೆಟ್ಟಿಗೆ. ರಜೆಯ ಕಾಲದಲ್ಲಿ ದಿನಕ್ಕೆ ಇಪ್ಪತ್ತಕ್ಕೂ ಮೇಲೆ ಬರುತ್ತವೆ. ಉಳಿದ ದಿನ ಐದೋ ಆರೋ. ಜಿಪ್ಪಿನ ಹಲ್ಲಿಗೆ ಮೇಣದಬತ್ತಿ ಉಜ್ಜುವುದು, ಸಡಿಲವಾದ ಜಿಪ್ಪಿನ ತಲೆಯನ್ನು ಇಕ್ಕಳದಲ್ಲಿ ಒತ್ತುವುದು, ಎಳೆಯುವ ಹಿಡಿಕೆಯೊಳಗಿನ ಸ್ಪ್ರಿಂಗು ಬದಲಾಯಿಸುವುದು, ಮುರಿದ ಚಕ್ರದ ಅಚ್ಚನ್ನು ಗರಗಸದಲ್ಲಿ ಕೊಯ್ದು ಹೊಸದು ಕೂರಿಸುವುದು. ಒಂದು ಚಕ್ರ ಹೋಗಿದ್ದರೂ ಜೋಡಿಯನ್ನೇ ಬದಲಾಯಿಸುತ್ತಾರೆ. “ಗಂಡ ಹೆಂಡತಿ ಇದ್ದ ಹಾಗೆ. ಒಂದು ಹಳೇದು ಒಂದು ಹೊಸದು ಆದ್ರೆ ಪೆಟ್ಟಿಗೆ ಕುಂಟುತ್ತೆ,” ಎಂದು ನಗುತ್ತಾರೆ.

ಮೊದಲು ಇವರು ಬ್ಯಾಗಿನ ಕಾರ್ಖಾನೆಯಲ್ಲಿದ್ದರು. ಹಿಡಿಕೆ ಜೋಡಿಸುವ ವಿಭಾಗ. ಇಡೀ ದಿನ ರಿವೆಟ್ ಮೊಳೆ ಹೊಡೆಯುವ ಕೆಲಸ. ಬಲಗೈ ಹೆಬ್ಬೆರಳಿನ ಉಗುರು ಆಗ ಹೋದದ್ದು ಇವತ್ತಿಗೂ ನೆಟ್ಟಗೆ ಬಂದಿಲ್ಲ. ಕಾರ್ಖಾನೆ ಮುಚ್ಚಿದಾಗ ಗುಜರಿಗೆ ಹೊರಟಿದ್ದ ರಿವೆಟ್ ಯಂತ್ರವೊಂದನ್ನು ಕೇಳಿ ಪಡೆದು ಈ ಓಣಿಗೆ ಬಂದು ಕೂತರು. “ಎಲ್ಲಿ ಮುರೀಬೇಕು ಅಂತ ಮಾಡಿರ್ತಾರೋ ಅಲ್ಲೇ ಮುರಿಯುತ್ತೆ. ಮಾಡಿದವಳು ನಾನೇ ಅಲ್ವಾ, ನನಗೆ ಗೊತ್ತಿರಲ್ವಾ?” ಮೊದಲ ವರ್ಷ ಹೆಂಗಸಿನ ಅಂಗಡಿ ಅಂತ ಜನ ಮೂಗು ಮುರಿದರು. ಈಗಿನ ಕಷ್ಟ ಬೇರೆ. ರಿಪೇರಿಗಿಂತ ಹೊಸದೇ ಅಗ್ಗ ಅನ್ನುವವರು ಪೆಟ್ಟಿಗೆಯನ್ನು ಬಾಗಿಲಲ್ಲೇ ಬಿಟ್ಟು ಹೋಗುತ್ತಾರೆ. ಈಕೆ ಅವುಗಳ ಅಂಗಾಂಗ ಬಿಚ್ಚಿ ಬೇರೆಯವಕ್ಕೆ ಹಾಕುತ್ತಾರೆ.

ಹಾಗೆ ಬಿಟ್ಟುಹೋದವುಗಳಲ್ಲೇ ಒಳ್ಳೊಳ್ಳೆಯದನ್ನು ಆರಿಸಿ, ಒಂದರ ಚಕ್ರ, ಇನ್ನೊಂದರ ಹಿಡಿಕೆ, ಮತ್ತೊಂದರ ಗಟ್ಟಿ ಮೈ ಸೇರಿಸಿ, ಕಳೆದೊಂದು ವರ್ಷದಿಂದ ತಮಗೇ ಒಂದು ಪೆಟ್ಟಿಗೆ ಕಟ್ಟಿದ್ದಾರೆ. ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿದೆ. ಪಕ್ಕದಲ್ಲಿ ಬೀಗ ರಿಪೇರಿ ಮಾಡುವ ಬೀಗದಣ್ಣ ಅದಕ್ಕೆ ‘ಪಟ್ಟದ ಆನೆ’ ಅಂತ ಹೆಸರಿಟ್ಟಿದ್ದಾನೆ.

ಆನೆ ಹೊರಟಿರುವುದು ಎಲ್ಲಿಗೆ? ಯುರೋಪಿಗೆ! ಅಯ್ಯೋ, ಅಂಥ ದೊಡ್ಡ ಊರುಗಳಿಗಲ್ಲ. ಭೂಪಟದ ಮೇಲೆ ಹೆಬ್ಬೆರಳಿಟ್ಟರೆ ಮುಚ್ಚಿಹೋಗುವ ಒಂದು ಪುಟ್ಟ ದೇಶಕ್ಕೆ. ಅದರ ಹೆಸರು ಹೇಳಲು ಚಕ್ರದಕ್ಕನಿಗೆ ನಾಲಿಗೆ ಹೊರಳುವುದಿಲ್ಲ. ಹಾಗಾಗಿ ಮನೆಯಲ್ಲಿ ಅದಕ್ಕೆ ‘ಚಿಕ್ಕದು’ ಅಂತಲೇ ಹೆಸರು. “ಚಿಕ್ಕದರಲ್ಲಿ ಈಗ ಚಳಿ ಇರುತ್ತಾ?” ಎಂದು ಗಂಡ ಕೇಳುತ್ತಾರೆ. ಹೊರಗಿನವರು ಕೇಳಿದರೆ ಚಿಕ್ಕ ಮಗಳ ವಿಷಯ ಅಂದುಕೊಳ್ಳಬೇಕು.

ಈ ಆಸೆ ಹುಟ್ಟಿದ್ದು ಒಂದು ಚಕ್ರದಿಂದ. ದೇಶ ಸುತ್ತು ಕೋಶ ಓದು ಎನ್ನುತ್ತದೆ ಗಾದೆ. ಚಕ್ರದಕ್ಕ ಎರಡನ್ನೂ ಮಾಡಿದವರಲ್ಲ, ಅವರು ಓದುವುದು ಚಕ್ರವನ್ನು. ಯಾವ ಪೆಟ್ಟಿಗೆ ಎಲ್ಲಿಗೆ ಹೋಗಿ ಬಂತು, ಅಲ್ಲಿನ ನೆಲ ಎಂಥದ್ದು ಎಂಬುದೆಲ್ಲ ರಬ್ಬರಿನ ಮೇಲೆ ಬರೆದಿರುತ್ತದೆ ಎಂಬುದು ಅವರ ನಂಬಿಕೆ. ಹೆಸರುವಾಸಿ ನಗರಗಳಿಗೆ ಹೋದ ಪೆಟ್ಟಿಗೆಗಳು ಅಂಚು ಕಿತ್ತು, ಅಚ್ಚು ಬಾಗಿ, ಯುದ್ಧದಿಂದ ಬಂದಂತೆ ಬರುತ್ತವೆ. ಎರಡು ವರ್ಷದ ಹಿಂದೆ ಒಂದು ನೀಲಿ ಸೂಟ್‌ಕೇಸು ಬಂತು. ತಂದವನು ಅದರ ಒಡತಿಯ ಅಳಿಯ. ವಿಮಾನ ನಿಲ್ದಾಣದ ತಪಾಸಣೆಯವರು ಬೀಗ ಒಡೆದಿದ್ದರು, ಅದನ್ನು ಸರಿಮಾಡಬೇಕಿತ್ತು. ಹಿಡಿಕೆಗೆ ಚಿಕ್ಕದರ ಚೀಟಿ ಅಂಟಿತ್ತು. ಚಕ್ರದಕ್ಕ ಅಭ್ಯಾಸದಂತೆ ಮಗುಚಿ ನೋಡಿದರೆ, ಆಹಾ! ನಾಲ್ಕೂ ಚಕ್ರ ಹೊಚ್ಚಹೊಸದು. ಒಂದು ಗೀರಿಲ್ಲ, ಒಂದು ಕಲ್ಲಿನ ಗುರುತಿಲ್ಲ.

ಒಂದು ಪೆಟ್ಟಿಗೆಗೆ ಒಂದೇ ಪ್ರಶ್ನೆ ಎಂಬುದು ಇವರೇ ಹಾಕಿಕೊಂಡ ಕಟ್ಟಳೆ. “ಎಷ್ಟು ದಿನ ಇದ್ರು ಅಲ್ಲಿ?” ಎಂದು ಕೇಳಿದರು. “ಎರಡು ವಾರ. ದೇಶ ಪೂರ್ತಿ ಸುತ್ತಿ ಬಂದ್ರು ನಮ್ಮತ್ತೆ,” ಅಂದ ಅಳಿಯ. ಎರಡು ವಾರ ಸುತ್ತಿದ ಚಕ್ರ ಹೀಗಿದೆ ಅಂದರೆ ಅಲ್ಲಿನ ರಸ್ತೆ ಹೇಗಿರಬೇಡ! ಆ ಸಂಜೆ ಮನೆಗೆ ಹೋದವರೇ ಗಂಡನಿಗೆ ಹೇಳಿದರು: “ರೀ, ಒಂದು ದೇಶ ಇದೆ. ಅಲ್ಲಿ ಒಂದೇ ಒಂದು ಗುಂಡಿ ಇಲ್ಲ.”

ಗಂಡನಿಗೆ ಈ ಮಾತು ಏಕೆ ಮುಖ್ಯ ಅಂತ ತಿಳಿಯಬೇಕಾದರೆ ಅವರ ಬೆನ್ನಿನ ಕಥೆ ಗೊತ್ತಿರಬೇಕು. ಅವರು ಶಾಲಾ ಬಸ್ಸಿನ ಚಾಲಕರು. ಇಪ್ಪತ್ತು ವರ್ಷ ಸೀಟಿನಲ್ಲಿ ಕೂತು, ಊರಿನ ಪ್ರತಿಯೊಂದು ಗುಂಡಿಯನ್ನೂ ಬೆನ್ನುಮೂಳೆಯಲ್ಲೇ ಎಣಿಸಿದವರು. ಈಗ ಕೂತರೆ ನೋವು. ಕೂರುವುದು ಕಮ್ಮಿ ಮಾಡಿ, ನಡೆಯಿರಿ ಅಂತ ಡಾಕ್ಟರು ಹೇಳಿದ್ದಾರೆ. ಹೊಟ್ಟೆಪಾಡು ಕೇಳಬೇಕಲ್ಲ? ಬಸ್ಸಿನಿಂದ ಇಳಿದ ಮೇಲೆ ಅವರು ಕೂರುವುದೇ ಇಲ್ಲ. ಚಹಾ ಕುಡಿಯುವುದೂ ನಿಂತೇ, ಪೇಪರ್ ಓದುವುದೂ ನಿಂತೇ. ಪ್ರವಾಸ ಎಂದರೆ ಮತ್ತೆ ಬಸ್ಸು, ಮತ್ತೆ ಕುಲುಕಾಟ ಎಂದು ಕೈಮುಗಿಯುತ್ತಿದ್ದವರು ಅವತ್ತು ಮೊದಲ ಬಾರಿಗೆ ಹ್ಞೂಂಗುಟ್ಟಿದರು: “ಗುಂಡಿ ಇಲ್ಲ ಅಂತಾದ್ರೆ ಬರ್ತೀನಿ. ಜೀವನ ಪೂರ್ತಿ ಮುಂದಿನ ಗಾಜಲ್ಲೇ ನೋಡಿದೀನಿ. ಒಂದು ಸಲ ಪಕ್ಕದ ಕಿಟಕೀಲಿ ನೋಡ್ಬೇಕು.”

ಅಲ್ಲಿಂದ ಶುರುವಾಯಿತು ತಯಾರಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಹಾಸಿಗೆಯೋ ಗಿಡ್ಡ. ಟೂರ್ ಕಂಪನಿಗಳ ಮೆಟ್ಟಿಲು ಹತ್ತುವ ಹಾಗಿಲ್ಲ. ಹಾಗಾಗಿ ಪೆಟ್ಟಿಗೆ ತಂದವರೆಲ್ಲ ಚಕ್ರದಕ್ಕನಿಗೆ ಗುರುಗಳಾದರು. ಜನ ಮುಗಿಬೀಳುವ ತಿಂಗಳು ಬಿಟ್ಟು ಹೋಗಿ, ಅದೇ ಬೆಟ್ಟ ಅದೇ ಕೆರೆ ಅರ್ಧ ಬೆಲೆಗೆ ಸಿಗುತ್ತದೆ ಅಂದದ್ದು ಒಬ್ಬ ಫೋಟೋಗ್ರಾಫರು. ರಾಜಧಾನಿಯಲ್ಲಿ ಇಳಿಯಬೇಡಿ, ಎರಡನೆಯ ಊರಲ್ಲಿ ರೂಮು ಮಾಡಿ ಅಲ್ಲಿಂದಲೇ ರೈಲಿನಲ್ಲಿ ಓಡಾಡಿ ಅಂದದ್ದು ಔಷಧಿ ಕಂಪನಿಯ ಪ್ರತಿನಿಧಿ. ಊರೂರು ಬದಲಾಯಿಸುತ್ತ ಹೋದರೆ ದುಡ್ಡೂ ಕರಗುತ್ತದೆ, ಪೆಟ್ಟಿಗೆಯೂ ಸಾಯುತ್ತದೆ. ಒಲೆ ಇರುವ ರೂಮು ನೋಡಿ, ರಾತ್ರಿ ನೀವೇ ಬೇಯಿಸಿಕೊಳ್ಳಿ, ಹೋಟೆಲ್ ಊಟ ಮಧ್ಯಾಹ್ನ ಮಾಡಿ, ಆಗ ಅಗ್ಗ ಅಂತ ಹೇಳಿಕೊಟ್ಟವಳು ಮೂರು ಮಕ್ಕಳ ತಾಯಿ. ಇದನ್ನೆಲ್ಲ ಚಕ್ರದಕ್ಕ ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಪಾಠ ಒಪ್ಪಿಸಿದಂತೆ ಒಪ್ಪಿಸುತ್ತಾರೆ. ಅವರು ನಿಂತುಕೊಂಡೇ ತಟ್ಟೆ ಹಿಡಿದು ಕೇಳುತ್ತಾರೆ.

ಆದರೆ ಚಿಕ್ಕದಕ್ಕೇ ಹೋಗಿಬಂದವರು ಸಿಗುವುದು ಕಷ್ಟವಾಯಿತು. ಸಿಕ್ಕ ಒಬ್ಬರೂ ಮೀಟಿಂಗಿಗೆ ಹೋಗಿ ಹೋಟೆಲಿನಿಂದ ಹೊರಗೇ ಬರದವರು. “ಅಲ್ಲೇನಿದೆ ನೋಡೋಕೆ? ಏನೂ ಇಲ್ಲ,” ಅಂದುಬಿಟ್ಟರು. ಗಂಡನಿಗೆ ಇದು ಇನ್ನೂ ಇಷ್ಟವಾಯಿತು. “ಏನೂ ಇಲ್ಲ ಅಂದ್ರೆ ಟ್ರಾಫಿಕ್ಕೂ ಇಲ್ಲ ತಾನೇ?”

ಫೋಟೋ ನೋಡಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಬೇರೆ ಊರಿನಲ್ಲಿರುವ ಮಗಳು ಫೋನಿನಲ್ಲಿ ರಾಶಿ ಫೋಟೋ ಕಳಿಸಿದ್ದಳು. ಕೆಂಪು ಹೆಂಚಿನ ಮನೆಗಳು, ಹಸಿರು ಗುಡ್ಡ, ಅಲ್ಲಲ್ಲಿ ಕಲ್ಲು ಹಾಸಿದ್ದೂ ಕಂಡಿತ್ತು. “ಅದು ಯಾರದೋ ಮನೆ ಅಂಗಳ ಇರಬೇಕು ಅಂದ್ಕೊಂಡೆ. ಫೋಟೋಗೆ ಹೊಳಪು ಕೊಡ್ತಾರೆ. ಚಕ್ರಕ್ಕೆ ಯಾರು ಕೊಡ್ತಾರೆ ಹೇಳಿ? ಚಕ್ರ ಸುಳ್ಳು ಹೇಳಲ್ಲ ಅನ್ನೋದು ನನ್ನ ಹುಂಬ ಧೈರ್ಯ,” ಎನ್ನುತ್ತಾರೆ ಚಕ್ರದಕ್ಕ.

ಇಬ್ಬರಿಗೂ ಒಟ್ಟಿಗೆ ಬಿಡುವು ಸಿಗುವುದು ಇನ್ನೊಂದು ಗೋಳು. ಶಾಲೆಗೆ ರಜೆ ಬಂದಾಗ ಗಂಡನಿಗೆ ಬಿಡುವು, ಹೆಂಡತಿಗೆ ಉಸಿರಾಡಲು ಪುರುಸೊತ್ತಿಲ್ಲ. ಹೆಂಡತಿಗೆ ಬಿಡುವಾದಾಗ ಬಸ್ಸು ಓಡಲೇಬೇಕು. ಇಷ್ಟು ವರ್ಷ ಹೀಗೇ ಹೋಯಿತು. ಈ ಸಲ ಮಾತ್ರ ಶಾಲೆಯ ಸೂರು ಸೋರಿ, ರಿಪೇರಿಗೆಂದು ಬರುವ ತಿಂಗಳು ಒಂದು ವಾರ ಬಾಗಿಲು ಹಾಕುತ್ತಾರಂತೆ, ಅದೂ ಜನ ಓಡಾಡದ ಕಾಲದಲ್ಲಿ! ಸೂರು ಮತ್ತೆ ಯಾವಾಗ ಸೋರೀತೋ ಯಾರು ಬಲ್ಲರು? ಮಗಳು ಬೆಟ್ಟದ ಮೇಲಿನ ಹಳೇ ಊರಿನಲ್ಲಿ, ಬೇಕರಿಯೊಂದರ ಮಹಡಿಯ ಮೇಲೆ ಒಲೆ ಇರುವ ರೂಮು ಹಿಡಿದಳು. ವೀಸಾ ಬಂತು. ವಿಮಾನದ ಟಿಕೆಟ್ ಕಾದಿರಿಸಿ ಆಗಿದೆ, ಶನಿವಾರ ಸಂಜೆಯೊಳಗೆ ದುಡ್ಡು ಕಟ್ಟಬೇಕು. ರೂಮು ಬೇಡ ಎನ್ನುವುದಿದ್ದರೂ ಅಷ್ಟರೊಳಗೇ ಹೇಳಬೇಕು. ಇವತ್ತು ಗುರುವಾರ.

ಹನ್ನೊಂದು ಗಂಟೆಯ ಸುಮಾರಿಗೆ ಬೆಳ್ಳಿಗೂದಲಿನ ಹಿರಿಯರೊಬ್ಬರು ಅಂಗಡಿಯ ಮುಂದೆ ನಿಲ್ಲುತ್ತಾರೆ. ಕೈಯಲ್ಲಿ ನೀಲಿ ಸೂಟ್‌ಕೇಸು. ಚಕ್ರದಕ್ಕ ಮುಖ ನೋಡುವ ಮೊದಲು ಪೆಟ್ಟಿಗೆ ನೋಡುತ್ತಾರೆ. ಬೀಗದ ಪಕ್ಕ ತಾವೇ ಹೊಡೆದ ರಿವೆಟ್! ಕೂತಲ್ಲಿಂದ ಎದ್ದೇಬಿಡುತ್ತಾರೆ.

“ಇದು ನಿಮ್ಮದಾ ಅಮ್ಮಾ? ಎರಡು ವರ್ಷದಿಂದ ನಿಮ್ಮ ದಾರಿ ಕಾಯ್ತಾ ಇದೀನಿ ನಾನು!”

ಬಂದವರು ಆಸ್ಪತ್ರೆಯೊಂದರಲ್ಲಿ ನರ್ಸಾಗಿ ನಿವೃತ್ತರಾದವರು. ಹೊಗಳಿಕೆಗೆ ಬಗ್ಗುವ ಜಾತಿಯಲ್ಲ. “ನನ್ನ ದಾರಿ ಯಾಕಮ್ಮಾ ಕಾಯ್ತೀಯ? ಜಿಪ್ಪು ಸಿಕ್ಕಿಹಾಕ್ಕೊಂಡಿದೆ, ಅದನ್ನ ನೋಡು ಮೊದಲು.” ಜಿಪ್ಪಿಗೆ ಮೇಣ ಉಜ್ಜುತ್ತಾ, ಖುಷಿ ತಡೆಯಲಾಗದೆ ಚಕ್ರದಕ್ಕ ತಮ್ಮ ಒಂದು ಪ್ರಶ್ನೆ ಕೇಳುತ್ತಾರೆ. “ಎರಡು ವರ್ಷದ ಹಿಂದೆ ನೀವು ಹೋಗಿದ್ದ ದೇಶದಲ್ಲಿ ರಸ್ತೆ ನಿಜವಾಗ್ಲೂ ಅಷ್ಟು ನುಣ್ಣಗಿದೆಯಾ?”

“ನುಣ್ಣಗಾ?” ನರ್ಸಮ್ಮ ಕಣ್ಣರಳಿಸುತ್ತಾರೆ. “ಯಾರು ಹೇಳಿದ್ದು? ಊರೆಲ್ಲಾ ಕಲ್ಲು. ಇಷ್ಟಿಷ್ಟು ದಪ್ಪ ಉರುಟು ಕಲ್ಲು, ಯಾವ ಕಾಲದಲ್ಲೋ ಹಾಸಿದ್ದು. ಮೇಲಿನ ಊರಿಗೆ ಹೋದ್ರಂತೂ ಬರೀ ಏರು, ಇಲ್ಲಾಂದ್ರೆ ಇಳಿಜಾರು.”

“ಮತ್ತೆ ನಿಮ್ಮ ಚಕ್ರ? ಎರಡು ವಾರ ಸುತ್ತಿದ್ರೂ ಒಂದು ಗೀರಿಲ್ಲ!”

ನರ್ಸಮ್ಮ ಪೆಟ್ಟಿಗೆಯನ್ನೂ ಚಕ್ರದಕ್ಕನನ್ನೂ ಒಂದು ಗಳಿಗೆ ನೋಡಿ, ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗುತ್ತಾರೆ. “ಅಯ್ಯೋ ಮಾರಾಯ್ತಿ! ಸುತ್ತಿದ್ದು ನಾನು. ಇದು ಎಲ್ಲಿ ಸುತ್ತಿತು? ಇದು ಆ ದೇಶದ ಮುಖಾನೇ ನೋಡಿಲ್ಲ. ವಿಮಾನ ಬದಲಾಯಿಸೋ ಕಡೆ ಕಳೆದುಹೋಗಿ, ಅಲ್ಲೆಲ್ಲೋ ಗೋದಾಮಲ್ಲಿ ಎರಡು ವಾರ ಮಲಗಿತ್ತು. ನಾನು ಬಂದು ಎಷ್ಟೋ ದಿನದ ಮೇಲೆ ಬೀಗ ಒಡೆಸ್ಕೊಂಡು ಮನೆಗೆ ಬಂತು. ಆ ಪ್ರವಾಸಕ್ಕೆ ಅಂತಲೇ ಕೊಂಡಿದ್ದ ಹೊಸಾ ಪೆಟ್ಟಿಗೆ!”

ಚಕ್ರದಕ್ಕನ ಕೈಯಲ್ಲಿದ್ದ ಮೇಣದ ತುಂಡು ಅಲ್ಲೇ ನಿಲ್ಲುತ್ತದೆ. ಇಂಗು ತಿಂದ ಮಂಗನ ಮುಖವಾಗುತ್ತದೆ ಅವರದು. ಎರಡು ವರ್ಷ, ಎಷ್ಟೊಂದು ಪ್ರಶ್ನೆ, ಗಂಡನಿಗೆ ಕೊಟ್ಟ ಮಾತು, ಎಲ್ಲವೂ ನಿಂತದ್ದು ಹೋಗೇ ಇರದ ಪೆಟ್ಟಿಗೆಯ ಚಕ್ರದ ಮೇಲೆ. ನರ್ಸಮ್ಮನಿಗೆ ಕಥೆಯ ಹುರುಪು ಹತ್ತಿದೆ. ಬಟ್ಟೆಯಿಲ್ಲದೆ ಪೇಚಾಡಿದ್ದು, ರೂಮು ಕೊಟ್ಟ ಮನೆಯೊಡತಿ ತನ್ನದೇ ಸ್ವೆಟರು, ತನ್ನದೇ ಕೋಟು ಕೊಟ್ಟಿದ್ದು, ಅದನ್ನು ಹಾಕಿಕೊಂಡು ಬೀದಿಯಲ್ಲಿ ಹೊರಟರೆ ಬೇರೆ ಪ್ರವಾಸಿಗಳು ಬಂದು ಇವರನ್ನೇ ದಾರಿ ಕೇಳಿದ್ದು. “ಎಳೆಯೋಕೆ ಪೆಟ್ಟಿಗೆ ಇಲ್ಲ ನೋಡು, ಎರಡೂ ಕೈ ಬೀಸ್ಕೊಂಡು ನಡೆದೆ. ಮೇಲಿನ ಊರಿಗೆ ಗಾಡೀನೇ ಬಿಡಲ್ಲ, ಎಲ್ಲಾರೂ ನಡೆದೇ ಹತ್ತೋದು. ಅಂಥ ಸುಖ ನಾನು ಯಾವತ್ತೂ ಪಟ್ಟಿರ್ಲಿಲ್ಲ ಕಣಮ್ಮಾ.” ಚಕ್ರದಕ್ಕ ತಲೆಯಾಡಿಸುತ್ತಾರೆ. ಕಿವಿಗೆ ಬಿದ್ದದ್ದು ಎಷ್ಟೋ, ಬಿಟ್ಟದ್ದು ಎಷ್ಟೋ.

“ಜಿಪ್ಪಿಗೆ ಹೊಸಾ ತಲೆ ಹಾಕ್ಬೇಕು. ನಾಳೆ ಕೊಡ್ಲಾ ಅಮ್ಮಾ?” ಎಂದು ಕೇಳಿ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಇರಿಸಿಕೊಳ್ಳುತ್ತಾರೆ.

ನರ್ಸಮ್ಮ ಹೋದ ಮೇಲೆ ಎಲ್ಲವನ್ನೂ ಪಕ್ಕದಿಂದಲೇ ಕೇಳಿಸಿಕೊಂಡಿದ್ದ ಬೀಗದಣ್ಣ ಕತ್ತು ಚಾಚುತ್ತಾನೆ. “ದೂರದ ಬೆಟ್ಟ ನುಣ್ಣಗೆ ಅಂತ ಕೇಳಿದ್ದೆ ಅಕ್ಕಾ. ದೂರದ ರಸ್ತೆನೂ ನುಣ್ಣಗೆ ಅಂತ ಇವತ್ತು ಗೊತ್ತಾಯ್ತು.”

“ಸುಮ್ನಿರೋ, ಹೊಟ್ಟೆ ಉರೀತಾ ಇದೆ ನನಗೆ.”

ಅವನಿಗೆ ಕೂಡಲೇ ಪಾಪ ಅನಿಸುತ್ತದೆ. ದನಿ ತಗ್ಗಿಸಿ ಉಪಾಯ ಹೇಳುತ್ತಾನೆ: “ಭಾವನಿಗೆ ಹೇಳಲೇಬೇಡಿ. ದುಡ್ಡು ಕಟ್ಟಿಬಿಡಿ. ಅಲ್ಲಿ ಇಳಿದ ಮೇಲೆ ಕಲ್ಲೋ ಮುಳ್ಳೋ, ವಾಪಸ್ ಓಡಿಬರೋಕಂತೂ ಆಗಲ್ಲ.”

ಚಕ್ರದಕ್ಕ ಕೆಲಸಕ್ಕೆ ಕೈಹಾಕುತ್ತಾರೆ. ಒಂದು ಹಿಡಿಕೆ ಬಿಚ್ಚಿ, ಸ್ಪ್ರಿಂಗು ಹಾಕಿ, ಮತ್ತೆ ಬಿಚ್ಚುತ್ತಾರೆ. ಉಲ್ಟಾ ಹಾಕಿದ್ದರು. ಹೇಳದಿದ್ದರೆ ಗಂಡ ಹೊರಡುವುದು ಖಂಡಿತ. ಹೇಳಿದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದು. ಆ ಬೆನ್ನು ಹೊತ್ತುಕೊಂಡು ಕಲ್ಲಿನ ದೇಶಕ್ಕೆ ಯಾರು ಬರುತ್ತಾರೆ? “ದಾರೀಲಿ ಹೋಗೋರಿಗೆ ಕೂದಲಿನ ಉಂಡೆ ಕೂಡ ತೋರಿಸ್ತೀನಿ ನಾನು,” ಎನ್ನುತ್ತಾರೆ ಕೊನೆಗೆ. “ಕಟ್ಕೊಂಡವರಿಗೆ ಇದನ್ನ ಮುಚ್ಚಿಡೋದಾ? ಆಗಲ್ಲಪ್ಪ ನನ್ನ ಕೈಲಿ.”

ಮಕ್ಕಳನ್ನು ಮನೆ ಸೇರಿಸಿ, ಬಸ್ಸನ್ನು ಶಾಲೆಯಲ್ಲಿ ಬಿಟ್ಟು ಸಂಜೆ ಗಂಡ ಅಂಗಡಿಗೆ ಬರುತ್ತಾರೆ. ಎಂದಿನಂತೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಕೈಯಲ್ಲಿ ಚಹಾದ ಲೋಟ.

“ರೀ, ಒಂದು ವಿಷಯ ಹೇಳಬೇಕು. ಕೂತ್ಕೊಳ್ಳಿ.”

“ಕೂರಬೇಡಿ ಅಂತ ತಾನೇ ಡಾಕ್ಟರು ಹೇಳಿರೋದು? ನಿಂತೇ ಕೇಳ್ತೀನಿ, ಹೇಳು.”

ಚಕ್ರದಕ್ಕ ನೀಲಿ ಪೆಟ್ಟಿಗೆಯನ್ನು ಎತ್ತಿ, ಗಿರಾಕಿಗಳಿಗೆ ತೋರಿಸುವ ಹಾಗೆಯೇ ಮಗುಚಿ ಗಂಡನ ಮುಂದೆ ಹಿಡಿಯುತ್ತಾರೆ. “ಈ ಚಕ್ರ ನೋಡಿ. ಇದನ್ನ ನೋಡಿಯೇ ನಾನು ನಿಮಗೆ ಅಷ್ಟೆಲ್ಲಾ ಹೇಳಿದ್ದು. ಇದು ಅಲ್ಲಿಗೆ ಹೋಗೇ ಇಲ್ಲ ರೀ.” ಗೋದಾಮಿನ ಕಥೆಯಿಂದ ಉರುಟು ಕಲ್ಲಿನವರೆಗೆ ಒಂದನ್ನೂ ಬಿಡದೆ ಹೇಳುತ್ತಾರೆ. “ಅಲ್ಲಿ ನುಣುಪೂ ಇಲ್ಲ, ಮಣ್ಣೂ ಇಲ್ಲ. ಎರಡು ವರ್ಷದಿಂದ ನಿಮ್ಮ ತಲೇಲಿ ಸುಳ್ಳು ತುಂಬಿಸ್ಕೊಂಡು ಬಂದೆ. ಬೇಡ ಅಂದ್ರೆ ಬೇಡ. ಮಗಳಿಗೆ ಫೋನ್ ಮಾಡಿಬಿಡ್ತೀನಿ.” ಬೀಗದಣ್ಣನ ಅಂಗಡಿಯಲ್ಲಿ ಅರದ ಸದ್ದು ನಿಂತಿದೆ.

ಗಂಡ ಲೋಟವನ್ನು ಕಟ್ಟೆಯ ಮೇಲಿಡುತ್ತಾರೆ. ಬೆರಳಿನಿಂದ ಆ ಹೊಸ ಚಕ್ರವನ್ನು ಒಮ್ಮೆ ತಿರುಗಿಸುತ್ತಾರೆ.

“ಆ ಮೇಲಿನ ಊರಿಗೆ ಬಸ್ಸು ಹೋಗುತ್ತಾ?”

“ಇಲ್ವಂತೆ. ಯಾವ ಗಾಡೀನೂ ಬಿಡಲ್ವಂತೆ. ಎಲ್ಲಾರೂ ನಡೆದೇ ಹೋಗ್ಬೇಕಂತೆ.”

“ಸ್ಕೂಟರು?”

“ಅದೂ ಇಲ್ಲ.”

“ಹಾರ್ನು?”

“ಗಾಡೀನೇ ಇಲ್ಲ ಅಂದ್ಮೇಲೆ ಹಾರ್ನು ಆಕಾಶದಿಂದ ಬರುತ್ತಾ?” ಎಂದು ಚಕ್ರದಕ್ಕ ಅಳುಮುಖದಲ್ಲೇ ರೇಗುತ್ತಾರೆ.

ಗಂಡನ ಮುಖ ಮೆಲ್ಲಗೆ ಅರಳುತ್ತದೆ. “ಲೇ, ಇದನ್ನ ಮೊದಲೇ ಹೇಳಬಾರದಾ! ಬಸ್ಸೇ ಹೋಗದ ಊರು ಅಂತ ಗೊತ್ತಿದ್ರೆ ನಾನು ಅವತ್ತೇ ಹೊರಟಿರ್ತಿದ್ದೆ.”

“ಮತ್ತೆ ಗುಂಡಿ ಇಲ್ಲದ ರಸ್ತೆ ಬೇಕು ಅಂದಿದ್ರಲ್ಲಾ?”

“ಅದು ಗಾಡಿ ಓಡಿಸೋನು ಕೇಳಿದ್ದು. ಅಲ್ಲಿ ನಾನು ಗಾಡಿ ಓಡಿಸೋನಲ್ವಲ್ಲ. ನನಗೆ ನೋಯೋದು ಕೂತಾಗ ಕಣೇ. ನಡೆದ್ರೆ ಏನೂ ಆಗಲ್ಲ, ಏರು ಹತ್ತಿದ್ರೂ ಆಗಲ್ಲ.”

“ಅಲ್ಲೀವರೆಗೆ ವಿಮಾನದಲ್ಲಿ ಕೂರ್ಬೇಕಲ್ಲಾ?”

“ಎದ್ದು ಓಡಾಡ್ತೀನಿ. ಸ್ಟಿಯರಿಂಗು ನನ್ನ ಕೈಲಿರಲ್ಲ ತಾನೇ?”

ಪಕ್ಕದಿಂದ ಬೀಗದಣ್ಣ ಹೋ ಎಂದು ನಗುತ್ತಾನೆ. ಚಕ್ರದಕ್ಕ ಕಣ್ಣೊರೆಸಿಕೊಂಡು ತಾವೂ ನಗುತ್ತಾರೆ. ಎದೆಯ ಮೇಲಿನ ಬಂಡೆ ಇಳಿದಂತಾಗಿದೆ. ಆದರೆ ಮರುಕ್ಷಣವೇ ಅವರ ಕಣ್ಣು ಮೂಲೆಗೆ ಹೊರಳುತ್ತದೆ. ಅಲ್ಲಿ ಪಟ್ಟದ ಆನೆ ಬಟ್ಟೆ ಹೊದ್ದು ನಿಂತಿದೆ. ಒಂದು ವರ್ಷ ಆರಿಸಿ ಆರಿಸಿ ಕಟ್ಟಿದ ಪೆಟ್ಟಿಗೆ. ಆ ಕಲ್ಲಿನ ಏರಿನ ಮೇಲೆ ಇದನ್ನು ಎಳೆಯುವುದುಂಟೆ? ಎತ್ತಿಕೊಂಡು ಹತ್ತಿ ಚಕ್ರ ಉಳಿಸಿದರೆ ಗಂಡನ ಬೆನ್ನು ಉಳಿಯದು. ನರ್ಸಮ್ಮ ಎರಡೂ ಕೈ ಬೀಸಿಕೊಂಡು ನಡೆದ ಮಾತು ಈಗ ನೆನಪಾಗುತ್ತದೆ.

“ಪೆಟ್ಟಿಗೆ ಬೇಡ ಬಿಡಿ,” ಎನ್ನುತ್ತಾರೆ. ಇಪ್ಪತ್ತು ವರ್ಷ ಪೆಟ್ಟಿಗೆಯಿಂದಲೇ ಅನ್ನ ತಿಂದವರ ಬಾಯಲ್ಲಿ ಈ ಮಾತು! ಗಂಡ ಅವರ ಹೆಗಲ ಮೇಲೆ ಕೈಯಿಡುತ್ತಾರೆ.

ಮರುದಿನ ನರ್ಸಮ್ಮ ಪೆಟ್ಟಿಗೆ ಒಯ್ಯಲು ಬಂದಾಗ ರಿಪೇರಿಗೆ ಹಣ ಬೇಡವೆಂದರೂ ಕೇಳುವುದಿಲ್ಲ. ಕೊಟ್ಟೇ ಹೋಗುತ್ತಾರೆ. ಹೋಗುವ ಮುನ್ನ, ಇವರೂ ಅಲ್ಲಿಗೇ ಹೊರಟಿರುವುದು ಕೇಳಿ, ಒಂದು ಸ್ವೆಟರ್ ಮಾತ್ರ ಜಾಸ್ತಿ ಇಟ್ಟುಕೊಳ್ಳಿ ಎಂದು ಹೇಳುತ್ತಾರೆ. ಕೋಟು ಕೊಡುವ ಮನೆಯೊಡತಿ ಎಲ್ಲರಿಗೂ ಸಿಗುವುದಿಲ್ಲವಂತೆ.

ಶನಿವಾರ ಸಂಜೆ. ಅಂಗಡಿಯಲ್ಲಿ ಪಟ್ಟದ ಆನೆ ಈಗ ಬಟ್ಟೆ ಕಳಚಿ ಅಡ್ಡ ಮಲಗಿದೆ, ಬಂದವರು ಕೂರಲು ಒಳ್ಳೆಯ ಬೆಂಚಾಗಿದೆ. ಫೋನಿನಲ್ಲಿ ಮಗಳು ಕೂಗುತ್ತಿದ್ದಾಳೆ: “ಅಮ್ಮಾ, ದುಡ್ಡು ಕಟ್ಟಾಯ್ತು! ಕೈಚೀಲ ಮಾತ್ರ ಅಂದಿದ್ದಕ್ಕೆ ಟಿಕೆಟ್ ಎಷ್ಟೋ ಕಮ್ಮಿ ಆಯ್ತು. ಆ ಉಳಿದ ದುಡ್ಡಲ್ಲಿ ದಿನಾ ಮಧ್ಯಾಹ್ನ ಕೆರೆ ಪಕ್ಕದ ಹೋಟೆಲಲ್ಲೇ ಊಟ ಮಾಡಿ, ಕಂಜೂಸುತನ ಮಾಡ್ಬೇಡಿ!” ಆ ಊರಿನ ಕೆರೆ ನೀರು ತಣ್ಣಗಿರುತ್ತದೋ, ಬೇಕರಿಯ ಮಹಡಿಗೆ ಬೆಳಗಿನ ಬ್ರೆಡ್ಡಿನ ವಾಸನೆ ಬರುತ್ತದೋ ಎಂದು ಚಕ್ರದಕ್ಕ ಕೇಳುತ್ತಲೇ ಇದ್ದಾರೆ. ಮಗಳ ಹತ್ತಿರ ಪೆಟ್ಟಿಗೆ ಇಲ್ಲ, ಹಾಗಾಗಿ ಪ್ರಶ್ನೆಗೆ ಮಿತಿಯೂ ಇಲ್ಲ.

ಫೋನಿಟ್ಟ ಮೇಲೆ ಸ್ಟೂಲಿನ ಕೆಳಗಿನಿಂದ ಒಂದು ಡಬ್ಬಿ ತೆಗೆಯುತ್ತಾರೆ. ಒಳಗೆ ನಡೆಯುವ ಶೂ. ಗಂಡನಿಗೊಂದು ಜೊತೆ, ತಮಗೊಂದು ಜೊತೆ. ತಮ್ಮದನ್ನು ಅಭ್ಯಾಸಬಲದಿಂದ ಮಗುಚಿ ತಳ ನೋಡುತ್ತಾರೆ, ಬೆರಳಾಡಿಸುತ್ತಾರೆ. ಒಂದು ಗೀರಿಲ್ಲ.

ಅಲ್ಲಿಂದ ಏನು ತರುತ್ತೀರಿ ಎಂಬ ಬೀಗದಣ್ಣನ ಪ್ರಶ್ನೆಗೆ ಅವರು ತಲೆ ಎತ್ತುವುದಿಲ್ಲ. ಶೂ ತಳವನ್ನೇ ನೋಡುತ್ತಾ ಹೇಳುತ್ತಾರೆ.

“ಸವೆಯದ ಚಕ್ರ ನೋಡಿ ಎಂಥ ಒಳ್ಳೇ ಊರು ಅಂದ್ಕೊಂಡಿದ್ದೆ. ಸವೆದಿಲ್ಲ ಅಂದ್ರೆ ಎಲ್ಲೂ ಹೋಗಿಲ್ಲ ಅಂತ ಅರ್ಥ. ನನ್ನ ಹಾಗೇ. ಏನೂ ತರೋದು ಬೇಡ. ವಾಪಸ್ ಬಂದಾಗ ಈ ತಳ ಮಾತ್ರ ಹೀಗಿರಬಾರದು.”